ಮಗಳಿಗೆ ಹತ್ತನೇ ತರಗತಿಯಲ್ಲಿ ಎಪಿ ವರ್ಲ್ಡ್ ಹಿಸ್ಟರಿ ಬೇಕಾ, ರೆಗ್ಯುಲರ್ ಸಾಕಾ?

ಮಗಳು ಮುಂದೆ ಕಂಪ್ಯೂಟರ್ ಸೈನ್ಸ್ ಓದುವವಳು, ಅವಳಿಗೆ ಎಪಿ ವರ್ಲ್ಡ್ ಹಿಸ್ಟರಿ ಯಾಕೆ, ಆ ಸಮಯ ಗಣಿತಕ್ಕೆ ಕೊಟ್ಟರೆ ಒಳ್ಳೇದಲ್ವಾ ಅಂತ ಕೇಳಿದ್ದೀರಿ. (ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು.) ನಾವೂ ಕ್ಯಾಲಿಫೋರ್ನಿಯಾದಲ್ಲೇ ಇರೋದು. ನನ್ನ ಮಗ ಒಂಬತ್ತನೇ ತರಗತಿಯಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕಿದ್ದೆ.

ಅವನಿಗೆ ಎಂಜಿನಿಯರಿಂಗ್ ಅಂತ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಮುಂದಿನ ವರ್ಷದ ಕೋರ್ಸುಗಳ ಫಾರ್ಮ್ ಬಂದಾಗ ಅವನ ಇಂಗ್ಲಿಷ್ ಟೀಚರ್, ಇವನು ಚೆನ್ನಾಗಿ ಓದ್ತಾನೆ, ಎಪಿ ಹಿಸ್ಟರಿಗೆ ಹಾಕಿ ಅಂದರು. ಅವನಿಗೂ ಮನಸ್ಸಿತ್ತು. ನಾನೇ ಬೇಡ ಅಂದೆ.

ಯಾಕೆ ಬೇಡ ಅಂದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಎಡವಿದ್ದು ಅಲ್ಲೇ. ನಾನು ಓದಿದ ಇತಿಹಾಸ ಎಸ್ಸೆಸ್ಸೆಲ್ಸಿಗೆ ಮುಗಿದಿತ್ತು. ಪಾಣಿಪತ್ ಯುದ್ಧಗಳ ಇಸವಿ, ಫ್ರೆಂಚ್ ಕ್ರಾಂತಿಯ ಕಾರಣಗಳು, ಪರಿಣಾಮಗಳು. ಬಾಯಿಪಾಠ ಮಾಡಿ ಬರೆದು, ಪಿಯುಸಿಯಲ್ಲಿ ಸೈನ್ಸ್ ತಗೊಂಡು ಮರೆತುಬಿಟ್ಟಿದ್ದೆ. ಹಾಗಾಗಿ ಎಪಿ ಅಂದರೆ ಅದೇ ಪಾಠ, ಇನ್ನಷ್ಟು ಇಸವಿಗಳು, ಇನ್ನಷ್ಟು ದಪ್ಪ ಪುಸ್ತಕ ಅಂದುಕೊಂಡೆ. ರೆಗ್ಯುಲರ್ ಅಂದರೆ ಅದರ ಹಗುರ ರೂಪ ಅಂದುಕೊಂಡೆ. ಎರಡೂ ಬೇರೆ ಬೇರೆ ಕೋರ್ಸು ಅಂತ ಹೊಳೆಯಲೇ ಇಲ್ಲ. ಎರಡರ ಪಾಠಪಟ್ಟಿಯನ್ನೂ ತೆಗೆದು ನೋಡಲಿಲ್ಲ. ನೋಡಿದ್ದರೆ ಒಂದು ಸಂಜೆಯ ಕೆಲಸ ಅಷ್ಟೆ.

ನಮ್ಮ ರಾಜ್ಯದಲ್ಲಿ ಹತ್ತನೇ ತರಗತಿಯ ರೆಗ್ಯುಲರ್ ವರ್ಲ್ಡ್ ಹಿಸ್ಟರಿ ಹೆಚ್ಚುಕಡಿಮೆ 18ನೇ ಶತಮಾನದ ಕೊನೆಯಿಂದ ಈಚೆಗೆ ಬರುತ್ತೆ. ಕ್ರಾಂತಿಗಳು, ಕೈಗಾರಿಕೆ, ವಸಾಹತುಗಳು, ಎರಡು ಮಹಾಯುದ್ಧ, ಶೀತಲ ಸಮರ. ಎಪಿ ಶುರುವಾಗೋದು 1200ರ ಆಸುಪಾಸಿನಿಂದ. ಮೊದಲು ಅದು ಶಿಲಾಯುಗದಿಂದಲೇ ಇತ್ತು. 2018ರಲ್ಲಿ ಎಪಿ ನಡೆಸುವ ಸಂಸ್ಥೆ ಕಾಲೇಜ್ ಬೋರ್ಡ್ ಅದನ್ನು 1450ಕ್ಕೆ ಎಳೆಯಲು ಹೊರಟಾಗ ಟೀಚರುಗಳು ಜೋರಾಗಿ ವಿರೋಧಿಸಿದರು. ಯುರೋಪಿನವರು ಹಡಗು ಹತ್ತೋ ಹೊತ್ತಿಗೆ ಜಗತ್ತಿನ ಕಥೆ ಶುರುವಾದರೆ ಆಫ್ರಿಕಾ, ಏಷ್ಯಾ ಎಲ್ಲಿ ಹೋದವು ಅನ್ನೋದು ಅವರ ಪ್ರಶ್ನೆ. ಕೊನೆಗೆ 1200ಕ್ಕೆ ನಿಂತಿತು. ಹಾಗಾಗಿ ಮಂಗೋಲರು, ಹಿಂದೂ ಮಹಾಸಾಗರದ ವ್ಯಾಪಾರ, ಮಾಲಿ, ಇಂಕಾ ಎಲ್ಲ ಅದರಲ್ಲಿವೆ. ಮೊದಲನೇ ಘಟಕದಲ್ಲೇ ವಿಜಯನಗರದ ಹೆಸರಿದೆ, ಭಕ್ತಿ ಚಳವಳಿ ಇದೆ. ಬಸವಣ್ಣನವರ ಕಲ್ಯಾಣ 12ನೇ ಶತಮಾನದ್ದು, ಸ್ವಲ್ಪದರಲ್ಲಿ ಹೊರಗುಳಿಯಿತು. ನನಗೆ ಈಗಲೂ ಅದು ಬೇಜಾರು.

ಆದರೆ ದೊಡ್ಡ ವ್ಯತ್ಯಾಸ ಇರೋದು ಬರವಣಿಗೆಯಲ್ಲಿ. ಎಪಿ ಪರೀಕ್ಷೆಯಲ್ಲಿ ಡಿಬಿಕ್ಯೂ, ಅಂದರೆ ದಾಖಲೆಗಳನ್ನು ಆಧರಿಸಿ ಉತ್ತರ ಬರೆಯುವ ಒಂದು ಪ್ರಶ್ನೆ ಇರುತ್ತೆ. ಏಳು ದಾಖಲೆ ಕೊಡ್ತಾರೆ. ಒಬ್ಬ ವ್ಯಾಪಾರಿಯ ಪತ್ರ ಇರಬಹುದು, ಒಬ್ಬ ಅಧಿಕಾರಿಯ ವರದಿ, ಒಂದು ಚಿತ್ರ. ಓದಿ ಬರೆಯೋಕೆ ಎಲ್ಲ ಸೇರಿ ಒಂದು ಗಂಟೆ. ದಾಖಲೆಯಲ್ಲಿ ಏನಿದೆ ಅಂತ ವರದಿ ಒಪ್ಪಿಸಿದರೆ ಸಾಲದು. ನಿನ್ನ ವಾದ ಏನು ಹೇಳು, ಇವನ್ನು ಸಾಕ್ಷಿ ಮಾಡಿಕೋ, ಇದನ್ನು ಬರೆದವರು ಯಾರು, ಯಾರಿಗೆ ಬರೆದರು, ಯಾಕೆ ಬರೆದರು ಅಂತ ಕೇಳ್ತಾರೆ. ಮಕ್ಕಳು ವರ್ಷಪೂರ್ತಿ ಇದನ್ನೇ ಅಭ್ಯಾಸ ಮಾಡ್ತಾರೆ.

ನನ್ನ ಮಗ ಹನ್ನೊಂದನೇ ತರಗತಿಯಲ್ಲಿ ಎಪಿ ಯುಎಸ್ ಹಿಸ್ಟರಿ ತಗೊಂಡ. ಅಲ್ಲೂ ಇದೇ ಡಿಬಿಕ್ಯೂ, ಇದೇ ಏಳು ದಾಖಲೆ. ಜೊತೆಯ ಹೆಚ್ಚಿನವರಿಗೆ ಹತ್ತನೇ ತರಗತಿಯ ಎಪಿಯಲ್ಲೇ ಒಂದು ವರ್ಷ ಇದರಲ್ಲಿ ಕೈ ಪಳಗಿತ್ತು. ಇವನು ‘ಮೊದಲನೇ ದಾಖಲೆ ಹೀಗೆ ಹೇಳುತ್ತದೆ, ಎರಡನೆಯದು ಹೀಗೆ ಹೇಳುತ್ತದೆ’ ಅಂತ ಬರೆದುಕೊಂಡು ಬರ್ತಿದ್ದ. ಮೊದಲ ಸೆಮಿಸ್ಟರ್ ಸಿ ಗ್ರೇಡ್ ಬಂತು. ಯೂಸಿಗಳು, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು, ಪ್ರವೇಶಕ್ಕೆ ನೋಡುವ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಲೆಕ್ಕ ಹಿಡಿಯೋದು ಮುಖ್ಯವಾಗಿ ಹತ್ತು ಮತ್ತು ಹನ್ನೊಂದನೇ ತರಗತಿಯ ಗ್ರೇಡುಗಳನ್ನೇ. ಹತ್ತರಲ್ಲಿ ಗಣಿತಕ್ಕೆ ಅಂತ ನಾನು ಉಳಿಸಿದ ಸಮಯವೆಲ್ಲ ಹನ್ನೊಂದರಲ್ಲಿ ಬಡ್ಡಿ ಸಮೇತ ಹಿಸ್ಟರಿಗೇ ಹೋಯಿತು, ಅದೂ ಕ್ಯಾಲ್ಕುಲಸ್ ಓದಬೇಕಾದ ರಾತ್ರಿಗಳಲ್ಲಿ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಮುಂದೆ ಏನು ಓದ್ತಾಳೆ ಅನ್ನೋದನ್ನು ಇಟ್ಟುಕೊಂಡು ಹಿಸ್ಟರಿ ಕೋರ್ಸ್ ಆರಿಸಬೇಡಿ. ಹದಿನೈದು ವರ್ಷದ ಹುಡುಗಿಯ ಮೇಜರ್, ಅಂದರೆ ಕಾಲೇಜಿನ ಮುಖ್ಯ ವಿಷಯ, ಇನ್ನೂ ಬದಲಾಗಬಹುದು. ಬದಲಾಗದೇ ಇದ್ದರೂ ಕೋಡ್ ಬರೆಯುವವಳು ಒಂದು ಪುಟ ಓದಿ ಇದನ್ನು ಯಾರು, ಯಾಕೆ ಹೇಳ್ತಿದ್ದಾರೆ ಅಂತ ಕೇಳೋದನ್ನು ಕಲಿಯಲೇಬೇಕು. ವಿಜ್ಞಾನದ ಮಕ್ಕಳಿಗೆ ಇದು ಜಾಸ್ತಿ ಬೇಕು ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ಅವರಿಗೆ ಇದನ್ನು ಬೇರೆ ಕಡೆ ಕಲಿಸುವವರು ಕಡಿಮೆ.

ಪಾಯಿಂಟ್ ಆಸೆಗೂ ಎಪಿ ಹಾಕಬೇಡಿ. ಯೂಸಿಗಳು ಎಪಿಗೆ ಕೊಡುವ ಹೆಚ್ಚುವರಿ ಅಂಕಕ್ಕೆ ಎಂಟು ಸೆಮಿಸ್ಟರ್‌ಗಳ ಮಿತಿ ಇದೆ, ಅದರಲ್ಲಿ ಹತ್ತನೇ ತರಗತಿಯಿಂದ ನಾಲ್ಕೇ. ಅವರು ಕೇಳುವ ಒಂದು ವರ್ಷದ ವರ್ಲ್ಡ್ ಹಿಸ್ಟರಿಯನ್ನು ರೆಗ್ಯುಲರ್ ಕೋರ್ಸೂ ಪೂರ್ತಿಯಾಗಿ ತುಂಬುತ್ತೆ.

ರೆಗ್ಯುಲರ್ ಅಂದರೆ ಕಡಿಮೆ ಅಂತಲೂ ತಿಳೀಬೇಡಿ. ನನ್ನ ಗೆಳತಿಯ ಮಗಳಿಗೆ ಕಮ್ಯುನಿಟಿ ಕಾಲೇಜಿನಿಂದ ನರ್ಸಿಂಗ್‌ಗೆ ಹೋಗುವ ಆಸೆ ಇತ್ತು. ಅವಳು ರೆಗ್ಯುಲರ್ ತಗೊಂಡಳು. ಅವಳ ಟೀಚರ್ ಬೆಲ್ಜಿಯಂನ ದೊರೆ ಲಿಯೊಪೋಲ್ಡ್ ರಬ್ಬರಿಗಾಗಿ ಕಾಂಗೋದಲ್ಲಿ ನಡೆಸಿದ್ದನ್ನು ಹಳೇ ಫೋಟೋಗಳು, ಪತ್ರಗಳನ್ನಿಟ್ಟು ವಾರಗಟ್ಟಲೆ ಚರ್ಚೆ ಮಾಡಿಸಿದರಂತೆ. ಅವಳು ಮನೆಗೆ ಬಂದು ಊಟದ ಹೊತ್ತಲ್ಲಿ ಅದನ್ನೇ ಮಾತಾಡ್ತಿದ್ದಳು. ಸ್ಲೈಡ್ ಉರು ಹೊಡೆಸುವ ಎಪಿ ಕ್ಲಾಸಿಗಿಂತ ಇಂಥ ರೆಗ್ಯುಲರ್ ಕ್ಲಾಸ್ ಎಷ್ಟೋ ಮೇಲು. ಅದಕ್ಕೇ ಶಾಲೆಯಲ್ಲಿ ಎರಡನ್ನೂ ಪಾಠ ಮಾಡುವವರು ಯಾರು ಅಂತ ವಿಚಾರಿಸಿ.

ಫಾರ್ಮಿಗೆ ಸಹಿ ಹಾಕೋ ಮೊದಲು ಕಾಲೇಜ್ ಬೋರ್ಡ್ ಸೈಟಿನಲ್ಲಿ ಹಳೇ ಡಿಬಿಕ್ಯೂ ಪ್ರಶ್ನೆಗಳು ಪುಕ್ಕಟೆ ಸಿಗುತ್ತವೆ, ಒಂದನ್ನು ಪ್ರಿಂಟ್ ಹಾಕಿ ಮಗಳ ಕೈಗೆ ಕೊಡಿ. ಬರೆಯೋದು ಬೇಡ, ಸುಮ್ನೆ ಓದಲಿ. ಯಾವ ಎರಡು ದಾಖಲೆಗಳು ಒಂದಕ್ಕೊಂದು ಒಪ್ಪಲ್ಲ, ಯಾಕೆ ಅಂತ ಕೇಳಿ. ತಪ್ಪೋ ಸರಿಯೋ, ಅವಳು ನಿಮ್ಮ ಜೊತೆ ವಾದಕ್ಕೆ ಇಳಿದರೆ ಎಪಿ ಹಾಕಿ. ಅರ್ಧ ಪುಟಕ್ಕೇ ಸುಸ್ತಾದರೆ, ಅಥವಾ ಆ ವರ್ಷ ಈಗಾಗಲೇ ಎರಡು ಮೂರು ಭಾರದ ಕೋರ್ಸುಗಳಿದ್ದರೆ ರೆಗ್ಯುಲರ್‌ಗೆ ಹಾಕಿ, ಮತ್ತೆ ಆ ಮಾತು ಎತ್ತಬೇಡಿ.

ಪರೀಕ್ಷೆಯ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅದು ಮೇ ತಿಂಗಳಲ್ಲಿ, ಹೆಸರು ಕೊಡೋದು ಶಾಲೆ ಶುರುವಾದ ಮೇಲೆ, ಸಾಮಾನ್ಯವಾಗಿ ನವೆಂಬರ್ ಮಧ್ಯದೊಳಗೆ. ಕೋರ್ಸ್ ಆಯ್ಕೆ ಮಾತ್ರ ಈಗಲೇ ಆಗಬೇಕು. ಆಗಸ್ಟಿನಲ್ಲಿ ಬದಲಾಯಿಸ್ತೀನಿ ಅಂದರೆ ಎಷ್ಟೋ ಸಲ ಸೀಟೇ ಇರಲ್ಲ.