ಇಸ್ಪೀಟ್ ಪ್ರಶ್ನೋತ್ತರ: ನಾಲ್ಕು-ಎಂಟರ ಟೇಬಲ್ಲಿಗೆ ಕೂಡ್ಲೇನ್ರಿ?

ಪ್ರಶ್ನೆ: ಸರ್, ನಾನು ಬ್ಯಾಂಕ್‌ನ್ಯಾಗ ಇದ್ದು ರಿಟೈರ್ ಆದಂವ, ರಮ್ಮಿ ಚಲೋ ಆಡ್ತೀನಿ. ಮಗ ಅಮೆರಿಕಾದಾಗ ಇರ್ತಾನ, ಈ ಸಲ ಹೋದಾಗ ಲಾಸ್ ವೇಗಸ್ ತೋರಿಸ್ತೀನಿ ಅಂದಾನ. ಅಲ್ಲಿ 4-8 ಲಿಮಿಟ್ ಪೋಕರ್ ಟೇಬಲ್ ಸಿಕ್ರ ಕೂಡು ಪಪ್ಪಾ, ಭಾಳ ರೊಕ್ಕ ಹೋಗಂಗಿಲ್ಲ ಅಂತಾನ. ಖರೇನ ಏನ್ರಿ? ಎಷ್ಟು ಇಟ್ಕೊಂಡು ಕೂಡ್ಬೇಕು?
– ಟಿಳಕವಾಡಿ, ಬೆಳಗಾವಿ

ಉತ್ತರ: ಮಗ ಹೇಳಿದ್ದು ಅರ್ಧ ಖರೆ ಐತ್ರಿ. ಒಮ್ಮಿಗೇ ಹೋಗಂಗಿಲ್ಲ, ಸಾವಕಾಶ ಹೋಗ್ತೈತಿ.

ಲಿಮಿಟ್ ಅಂದ್ರ ಬೆಟ್ಟಿನ ರೊಕ್ಕ ಮೊದ್ಲ ಫಿಕ್ಸ್ ಆಗಿರ್ತೈತಿ. ಹೋಲ್ಡೆಮ್ ಅನ್ನೋ ಪೋಕರ್ ಆಟದಾಗ ನಿಮ್ಮ ಕೈಯಾಗ ಎರಡು ಎಲಿ, ಆಮ್ಯಾಲ ಟೇಬಲ್ ಮ್ಯಾಲ ಮೂರು ಎಲಿ ತೆರೀತಾರ, ಅದಕ್ಕ ಫ್ಲಾಪ್ ಅಂತಾರ, ಆಮ್ಯಾಲ ಒಂದು ಟರ್ನ್, ಕಡೀಕ ಒಂದು ರಿವರ್. ಫ್ಲಾಪ್ ಮುಗಿಯೋ ಮಟ ಬೆಟ್ 4 ಡಾಲರ್, ಟರ್ನ್ ರಿವರ್‌ಗೆ 8 ಡಾಲರ್, ಯಾರೂ ಅದಕ್ಕಿಂತ ಹೆಚ್ಚು ಕಡಿಮಿ ಇಡಂಗಿಲ್ಲ. ಒಂದು ಸುತ್ತಿನ್ಯಾಗ ಸಾಮಾನ್ಯವಾಗಿ ಒಂದು ಬೆಟ್, ಮೂರು ರೇಜ್ (ಬೆಟ್ ಏರಿಸೋದು), ಮುಗೀತು. ಅಂದ್ರ ಎಲ್ಲಾರೂ ಹುಚ್ಚರಂಗ ರೇಜ್ ಮಾಡಿದ್ರೂ ಒಂದು ಆಟದ ನಾಲ್ಕು ಸುತ್ತಿಗೆ ನಿಮ್ಮಿಂದ ಹೋಗೋದು 16, 16, 32, 32, ಒಟ್ಟು 96 ಡಾಲರ್. ಅಷ್ಟು ಹೋಗೋದು ಅಪರೂಪ, ಆದ್ರ 100ರ ಒಂದ ನೋಟ್ ಇಟ್ಕೊಂಡು ಕೂಡಬ್ಯಾಡ್ರಿ, 150-200 ಇರ್ಲಿ, ಮತ್ತ ಅದು ಸಿನಿಮಾ ಟಿಕೆಟ್ ರೊಕ್ಕ ಇದ್ದಂಗ ಹೋಗೇ ಬಿಟ್ಟೈತಿ ಅಂದ್ಕೊಂಡ ಕೂಡ್ರಿ.

ಇನ್ನ ಸಾವಕಾಶ ಹೋಗೋ ಮಾತು. ಪೋಕರ್‌ನ್ಯಾಗ ನೀವು ಕ್ಯಾಸಿನೋ ಜೋಡಿ ಆಡಂಗಿಲ್ಲ, ಬಾಜೂ ಕೂತವರ ಜೋಡಿ ಆಡ್ತೀರಿ, ಕ್ಯಾಸಿನೋದವರು ಪ್ರತಿ ಪಾಟ್‌ನ್ಯಾಗ (ಎಲ್ಲಾರೂ ನಡುವ ಹಾಕಿದ ರೊಕ್ಕದಾಗ) ತಮ್ಮ ಪಾಲು ತಗೋತಾರ, ಅದಕ್ಕ ರೇಕ್ ಅಂತಾರ. ಪಾಟ್‌ಗೆ 4 ಡಾಲರ್ ಹಿಡೀರಿ, ತಾಸಿಗೆ ಒಂದು 30 ಆಟ ಆದ್ರ 120 ಡಾಲರ್ ಟೇಬಲ್ ಬಿಟ್ಟು ಎದ್ದು ಹೋತು. ಒಂಬತ್ತು ಮಂದಿಗೆ ಹಂಚಿದ್ರ ತಲಿಗೆ 13 ಡಾಲರ್. ಮ್ಯಾಲ ಜಾಕ್‌ಪಾಟ್ ಹೆಸರಿಲೆ ಒಂದೆರಡು ಡಾಲರ್ ಎತ್ತೋ ಜಾಗಾನೂ ಅದಾವ, ಗೆದ್ದಾಗ ಎಲಿ ಹಂಚೋ ಡೀಲರ್‌ಗೆ ಒಂದು ಡಾಲರ್ ಟಿಪ್ಪು ಕೊಡೋದೂ ರೂಢಿ. ಚಲೋ ಆಟಗಾರ ತಾಸಿಗೆ ಒಂದು ದೊಡ್ಡ ಬೆಟ್ ಗೆದ್ರ ದೊಡ್ಡ ಮಾತು ಅಂತ ಹಳಬರು ಹೇಳ್ತಾರ, ಇಲ್ಲಿ ದೊಡ್ಡ ಬೆಟ್ ಅಂದ್ರ 8 ಡಾಲರ್, ಈಗ ನೀವ ಲೆಕ್ಕಾ ಹಾಕ್ರಿ, ಬ್ಯಾಂಕಿನವರಿಗೆ ನಾ ಏನ್ ಹೇಳ್ಲಿ. 2-4 ಟೇಬಲ್ ಇದಕ್ಕಿಂತ ತುಟ್ಟಿ, ಯಾಕಂದ್ರ ಬೆಟ್ ಅರ್ಧ ಆದ್ರೂ ರೇಕ್ ಅರ್ಧ ಆಗಂಗಿಲ್ಲ.

ಹಂಗಂತ ಆಟದಾಗ ಮಜಾ ಇಲ್ಲಂತಲ್ಲ. ನಿಮ್ಮ ಕೈಯಾಗ ಆಟೀನ್ ಎಕ್ಕ, ಆಟೀನ್ ಹತ್ತು ಅದಾವ ಅಂತ ತಿಳೀರಿ. ಆರು ಮಂದಿ ನಾಕ್ನಾಕು ಹಾಕ್ಯಾರ, ಪಾಟ್ 24. ಫ್ಲಾಪ್‌ನ್ಯಾಗ ಎರಡು ಆಟೀನ್ ಬಂದ್ವು, ಇನ್ನೊಂದು ಬಂದ್ರ ಫ್ಲಶ್, ಅಂದ್ರ ಒಂದ ಜಾತಿದು ಐದು ಎಲಿ. ಒಬ್ಬ 4 ಬೆಟ್ ಮಾಡ್ದ, ಇಬ್ರು ಕಾಲ್ ಮಾಡಿದ್ರು, ಅಂದ್ರ ಅಷ್ಟ ಹಾಕಿದ್ರು, ಈಗ ಪಾಟ್ 36, ನೀವು ಹಾಕೋದು 4, ಅಂದ್ರ ಒಂದಕ್ಕ ಒಂಬತ್ತು ಪಟ್ಟು ಸಿಗ್ತೈತಿ. ಕಾಣದ ಎಲಿ 47, ಅದರಾಗ ಆಟೀನ್ 9, ಅಂದ್ರ 38 ಎಲಿ ನಿಮಗ ಉಲ್ಟಾ, 9 ಸುಲ್ಟಾ, ಒಂದಕ್ಕ ನಾಲ್ಕರ ಮ್ಯಾಲ ಸ್ವಲ್ಪ. ಒಂಬತ್ತು ಸಿಗೋವಾಗ ನಾಲ್ಕರ ರಿಸ್ಕ್, ಕಣ್ಣು ಮುಚ್ಚಿ ಹಾಕ್ರಿ. ಅದೇ ನಡುವಿನ ಒಂದ ಎಲಿ ಬಂದ್ರ ಮಾತ್ರ ಸ್ಟ್ರೇಟ್ (ಐದು ಎಲಿ ಸಾಲಾಗಿ) ಆಗೋದಿತ್ತು ಅಂದ್ರ ಉಪಯೋಗಕ್ಕ ಬರೋ ಎಲಿ ನಾಲ್ಕ, ಒಂದಕ್ಕ ಹತ್ತೂವರಿ ಮ್ಯಾಲ ಉಲ್ಟಾ, ಟರ್ನ್‌ಗೆ ಬೆಟ್ 8 ಆದ ಮ್ಯಾಲ ಹಂತಾ ಎಲಿ ಹಿಡ್ಕೊಂಡು ಕೂಡೋದು ಸುಮ್ನ ದಾನ. ಸಣ್ಣ ಲಿಮಿಟ್‌ನ್ಯಾಗ ರೊಕ್ಕ ಉಳಿಯೋದು ಗಳಿಸೋದು ಹೆಚ್ಚಾಗಿ ಇಲ್ಲೇ, ಪಾಟ್ ಎಣಿಸೋದು ಮತ್ತ ಎಲಿ ಎಣಿಸೋದು. ನಿಮ್ಮ ರಮ್ಮಿ ಅಭ್ಯಾಸ ಇದಕ್ಕ ಉಪಯೋಗ ಆಗ್ತೈತಿ.

ಬ್ಲಫ್ ಮಾತ್ರ ಊರಾಗ ಬಿಟ್ಟು ಹೋಗ್ರಿ. 50 ಡಾಲರ್ ಪಾಟ್‌ಗೆ 8 ಡಾಲರ್ ಬೆಟ್ ಮಾಡಿ ಯಾರನ್ನ ಹೆದರಸ್ತೀರಿ? ನೋಡೇ ಬಿಡೋಣ ಅಂತ ಒಬ್ಬರಲ್ಲಾ ಒಬ್ರು ಹಾಕೇ ಹಾಕ್ತಾರ. ಹತ್ತು ಸಲ ಎಲಿ ಬಂದ್ರ ಎಂಟು ಸಲ ತೆಪ್ಪಗ ಮಡಚಿ ಒಗೀರಿ, ಚಲೋ ಎಲಿ ಬಂದಾಗ ನಾಚ್ಕೊಳ್ದ ಬೆಟ್ ಮಾಡ್ರಿ, ರೇಜ್ ಮಾಡ್ರಿ.

ಇನ್ನೊಂದು, ಮಗ ಬಾಜೂ ಕೂತ್ರ ಆಟ ನಡೆದಾಗ ಕನ್ನಡದಾಗ ಮಾತಾಡಬ್ಯಾಡ್ರಿ. ಅಲ್ಲಿ ಟೇಬಲ್ ಮ್ಯಾಲ ಇಂಗ್ಲಿಷ್ ಒಂದ ಅಂತ ರೂಲ್ ಇರ್ತೈತಿ, ಒಬ್ಬರ ಎಲಿಗೆ ಇನ್ನೊಬ್ರು ಸಲಹಾ ಕೊಡಂಗೂ ಇಲ್ಲ. ‘ಏನ್ ಮಾಡ್ಲೋ ತಮ್ಮಾ’ ಅಂದ್ರೂ ಡೀಲರ್ ನಿಮ್ಮ ಕಡೆ ತಿರುಗಿ ನೋಡ್ತಾನ. ನಿಮ್ಮ ಪಾಳಿ ಬರೋಕಿಂತ ಮೊದ್ಲ ಎಲಿ ಒಗೀಬ್ಯಾಡ್ರಿ, ರೇಜ್ ಇದ್ರ ಮೊದ್ಲ ಬಾಯಿಲೆ ರೇಜ್ ಅನ್ರಿ, ಆಮ್ಯಾಲ ಚಿಪ್ಸ್ (ರೊಕ್ಕದ ಬದ್ಲಿ ಬಿಲ್ಲೆ) ಇಡ್ರಿ.

ಪ್ರಶ್ನೆ: ಅಣ್ಣಾರ, ನಾವು ಗೆಳೆಯರು ಐತವಾರ ಕೂಡಿ ಬರೇ ಶೇಂಗಾ ಇಟ್ಟು ಲಿಮಿಟ್ ಹೋಲ್ಡೆಮ್ ಆಡ್ತೀವ್ರಿ, ರೊಕ್ಕ ಇಲ್ಲ. ನನಗ ಎಕ್ಕದ ಜೋಡಿ ಬಂದಾಗೆಲ್ಲಾ ಯಾವನೋ ಏಳು-ಎರಡರಂಥಾ ಕೆಟ್ಟ ಎಲಿ ಹಿಡ್ಕೊಂಡು ಹೊಡೀತಾನ. ನನ್ನ ಹಣೆಬರಾನ ಹಿಂಗ ಏನ್ರಿ?
– ಜಮಖಂಡಿ, ಬಾಗಲಕೋಟೆ ಜಿಲ್ಲಾ

ಉತ್ತರ: ಹಣೆಬರಾ ಅಲ್ಲೋ ತಮ್ಮಾ, ನಿನ್ನ ಗೆಳೆಯರು ಮದುವಿ ಪಂಕ್ತಿಗೆ ಕೂತವರಂಗ ಮುಗಿಯೋ ಮಟ ಏಳಂಗಿಲ್ಲ, ಅದು ಕಾರಣ. ಎಕ್ಕದ ಜೋಡಿ 221 ಸಲಕ್ಕ ಒಮ್ಮೆ ಬರೋ ಎಲಿ, ಒಬ್ಬನ ಎದುರಿಗೆ ಆದ್ರ ನೂರಕ್ಕ 85 ಸಲ ಗೆಲ್ತೈತಿ. ಏನ್ ಬಂದ್ರೂ ಆಡೋ ಐದು ಮಂದಿ ಕಡೀ ಎಲಿ ಮಟ ಕೂತ್ರ ಅದ ಜೋಡಿ ಸುಮಾರು ಅರ್ಧ ಸಲ ಸೋಲ್ತೈತಿ. ಆದ್ರೂ ಲುಕ್ಸಾನ್ ಇಲ್ಲ, ಆರು ಮಂದಿ ಶೇಂಗಾ ಪಾಟ್‌ನ್ಯಾಗ ಇರ್ತಾವ, ಅರ್ಧ ಸಲ ನಿನ್ನ ಕಡೆ ಬರ್ತಾವ. ಸೋತದ್ದು ನೆನಪ ಇಟ್ಕೊಂಡು ಗೆದ್ದದ್ದು ತಿಂದು ಬಿಡ್ತಿ, ಅಷ್ಟ. ಎಕ್ಕ ಬಂದಾಗ ಸುಮ್ನ ಕಾಲ್ ಮಾಡ್ಕೋತ ಕೂಡಬ್ಯಾಡ, ಮೊದಲನೇ ಸುತ್ತಿಗೇ ರೇಜ್ ಮಾಡು, ಏಳು-ಎರಡಿನವ ಒಳಗ ಬರೋದಿದ್ರ ದುಪ್ಪಟ್ಟು ಶೇಂಗಾ ಹಾಕಿ ಬರ್ಲಿ.

ಪ್ರಶ್ನೆ: ಅಮೆರಿಕಾ ಯಾಕ್ರಿ, ಗೋವಾದಾಗ ಲಿಮಿಟ್ ಆಡಾಕ ಬರಂಗಿಲ್ಲೇನು? ಇಲ್ಲಾ ಮೊಬೈಲ್‌ನ್ಯಾಗ ಸಣ್ಣ ರೊಕ್ಕ ಹಾಕಿ ಕಲೀಬಹುದೇನು?
– ವಿಜಯಪುರ

ಉತ್ತರ: ಮೊಬೈಲ್ ಮೊದ್ಲ ಬಿಡ್ರಿ. ರೊಕ್ಕ ಇಟ್ಟು ಆಡೋ ಆನ್‌ಲೈನ್ ಆಟಕ್ಕ 2025ರಾಗ ಕೇಂದ್ರದ ಕಾಯ್ದೆನ ಬಂದೈತಿ, ಬಂದ್ ಅಂದ್ರ ಬಂದ್. ಊರಾಗ ಅಡ್ಡೆದಾಗ ಕೂತ್ರ ಕರ್ನಾಟಕ ಪೊಲೀಸ್ ಕಾಯ್ದೆ, ಮರುದಿನ ಪೇಪರ್‌ನ್ಯಾಗ ಹೆಸರು.

ಗೋವಾದಾಗ ಕ್ಯಾಸಿನೋಕ್ಕ ಲೈಸೆನ್ಸ್ ಐತಿ, ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋದ್ರ ಮಾಂಡೋವಿ ನದಿಯಾಗ ಹಡಗು ನಿಂತಾವ, 21 ವರ್ಷ ಆಗಿರ್ಬೇಕು. ಆದ್ರ ಅಲ್ಲಿ ಪೋಕರ್ ಟೇಬಲ್ ಅಂದ್ರ ಹೆಚ್ಚಾಗಿ ನೋ-ಲಿಮಿಟ್, ಒಂದ ಆಟಕ್ಕ ಮುಂದಿದ್ದ ಚಿಪ್ಸ್ ಎಲ್ಲಾ ಹೋಗಬಹುದು. 2003ರಾಗ ಕ್ರಿಸ್ ಮನಿಮೇಕರ್ ಅನ್ನೋ ಅಕೌಂಟಂಟ್ ವೇಗಸ್‌ನ್ಯಾಗ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನೋ ದೊಡ್ಡ ಪಂದ್ಯ ಗೆದ್ದ ಮ್ಯಾಲ ಟಿವಿ ನೋಡಿದವರಿಗೆಲ್ಲಾ ಇದ್ದ ಚಿಪ್ಸ್ ಎಲ್ಲಾ ಒಮ್ಮಿಗೇ ಇಡೋ ‘ಆಲ್ ಇನ್’ ಅನ್ನೋ ಚಟ ಹತ್ತಿತು, ಲಿಮಿಟ್ ಆಟ ಅಮೆರಿಕಾದಾಗೂ ಮೂಲಿಗೆ ಸರೀತು. ಇನ್ನ ತೆರಿಗಿ ಅಂದ್ರ, ಕ್ಯಾಸಿನೋ ಮ್ಯಾಲ ಜಿಎಸ್‌ಟಿ 2023 ಅಕ್ಟೋಬರ್‌ನ್ಯಾಗ ಚಿಪ್ಸಿನ ಪೂರ್ತಿ ಬೆಲಿ ಮ್ಯಾಲ 28 ಪರ್ಸೆಂಟ್ ಆತು, 2025 ಸೆಪ್ಟೆಂಬರ್‌ನ್ಯಾಗ 40ಕ್ಕ ಏರಿತು. ಗೆದ್ರ ಗೆದ್ದದ್ದಕ್ಕ 30 ಪರ್ಸೆಂಟ್ ಇನ್‌ಕಮ್ ಟ್ಯಾಕ್ಸ್ ಬ್ಯಾರೆ, ಸೋತದ್ದನ್ನ ಅದರಾಗ ಕಳಿಯಂಗಿಲ್ಲ. ಕಲಿಯೋದ ಇದ್ರ ಜಮಖಂಡಿಯವರ ಅಡ್ರೆಸ್ ಕೊಡಸ್ತೀನಿ, ಶೇಂಗಾ ನೀವ ತಗೊಂಡು ಹೋಗ್ರಿ.