ಹೃದಯದ ಬಡಿತದಿಂದಲೇ ಪೇಸ್‌ಮೇಕರ್‌ಗೆ ವಿದ್ಯುತ್ ಒದಗಿಸಲು ಸಾಧ್ಯವೇ?

ಸಾಧ್ಯವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಮಾಡಿ ತೋರಿಸಲಾಗಿದೆ. ಆದರೆ ರೋಗಿಗಳಿಗೆ ಸಾಮಾನ್ಯವಾಗಿ ಅಳವಡಿಸುವ ಪೇಸ್‌ಮೇಕರ್‌ಗಳು (ಹೃದಯದ ಬಡಿತವನ್ನು ಕ್ರಮದಲ್ಲಿಡುವ ಪುಟ್ಟ ಸಾಧನಗಳು) ಇನ್ನೂ ಬ್ಯಾಟರಿಯನ್ನೇ ಅವಲಂಬಿಸಿವೆ.

ರಕ್ತವನ್ನು ಮುಂದೂಡಲು ಹೃದಯವು ವ್ಯಯಿಸುವುದು ಸುಮಾರು 1 ವ್ಯಾಟ್. ಪೇಸ್‌ಮೇಕರ್‌ಗೆ ಬೇಕಾದದ್ದು ಸುಮಾರು 10 ಮೈಕ್ರೋವ್ಯಾಟ್, ಅಂದರೆ ಅದರ ಲಕ್ಷದಲ್ಲಿ ಒಂದು ಪಾಲು ಮಾತ್ರ. ಈ ಪಾಲನ್ನು ಪಡೆಯಲು ನೆರವಾಗುವ ಮುಖ್ಯ ಗುಣವೆಂದರೆ ಪೀಜೋವಿದ್ಯುತ್. ಕೆಲವು ಹರಳುಗಳನ್ನೂ ಪ್ಲಾಸ್ಟಿಕ್ಕುಗಳನ್ನೂ ಒತ್ತಿದಾಗ ಅಥವಾ ಬಾಗಿಸಿದಾಗ ಅವುಗಳೊಳಗಿನ ಧನ ಮತ್ತು ಋಣ ವಿದ್ಯುದಾವೇಶಗಳು ತುಸು ಸರಿದು, ಎರಡು ಮೇಲ್ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಇದನ್ನು 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ಕಂಡುಹಿಡಿದರು. ಅಂತಹ ತೆಳು ಹಾಳೆಯನ್ನು ಹೃದಯಕ್ಕೆ ಜೋಡಿಸಿದರೆ, ಪ್ರತಿ ಬಡಿತಕ್ಕೂ ಅದು ಬಾಗಿ ನೀಡುವ ಹಿಂದುಮುಂದಿನ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿ ಕೆಪ್ಯಾಸಿಟರ್‌ನಲ್ಲಿ ಕೂಡಿಡಬಹುದು.

ನಿಜವಾದ ಕಷ್ಟವಿರುವುದು ವಿದ್ಯುತ್ತಿನ ಪ್ರಮಾಣಕ್ಕಿಂತ ಹೆಚ್ಚಾಗಿ ಬಾಳಿಕೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಹಾಳೆಯು ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಬಾರಿ ಬಾಗಿಯೂ ಬಿರುಕು ಬಿಡಬಾರದು, ದೇಹದ ದ್ರವಗಳು ಒಳನುಸುಳಬಾರದು, ಮುಖ್ಯವಾಗಿ ಈಗಾಗಲೇ ದುರ್ಬಲವಾಗಿರುವ ಹೃದಯದ ಚಲನೆಗೆ ಅದು ಕಿಂಚಿತ್ತೂ ಅಡ್ಡಿಯಾಗಬಾರದು.