ಅಂದಾಜು ಮತ್ತು ಮಾತು: ಒಬ್ಬ ಟೀಮ್ ಲೀಡ್‌ನ ಪ್ರಕರಣ

(ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಜುಲೈ ತಿಂಗಳ ಜೋರು ಮಳೆಯಲ್ಲಿ ಅವರನ್ನು ಮಡಿಕೇರಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಕರೆದುಕೊಂಡು ಬಂದಿದ್ದು ಹೆಂಡತಿ. ಅವರಿಗೆ ಮೂವತ್ತಾರು ವರ್ಷ. ಮನೆ ಸೋಮವಾರಪೇಟೆ ಕಡೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಏಳು ಜನರ ತಂಡಕ್ಕೆ ಲೀಡ್. ಕೆಲಸ ಊರಿನ ಮನೆಯಿಂದಲೇ.

"ಭಾನುವಾರ ಸಂಜೆ ಆಯ್ತು ಅಂದರೆ ಇವರ ಹೊಟ್ಟೆ ಕೆಡುತ್ತೆ ಮೇಡಂ. ರಾತ್ರಿ ಮೂರು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆಗೀತಾರೆ. ಮಗ ಏನು ಕೇಳಿದರೂ ರೇಗ್ತಾರೆ," ಎಂದು ಆಕೆ ಹೇಳಿದರು. ಅವರು ಕಿಟಕಿ ಕಡೆ ನೋಡುತ್ತ ಕುಳಿತಿದ್ದರು.

ಮೊದಲ ದಿನ ಕೇಳಲೇಬೇಕಾದ್ದನ್ನು ಕೇಳಿದೆ. ಸಾಯಬೇಕು ಅನ್ನಿಸುತ್ತಾ? ಇಲ್ಲ ಅಂದರು. ಕುಡಿತ? ಸ್ವಲ್ಪ ಜಾಸ್ತಿ ಆಗಿದೆ ಅಂದರು. ಬಿಪಿ, ಥೈರಾಯ್ಡ್ ನೋಡಿಸಲು ಡಾಕ್ಟರ್ ಹತ್ತಿರ ಕಳಿಸಿದೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ.

"ಎಂಟು ತಿಂಗಳ ಹಿಂದೆ ನಮ್ಮಲ್ಲಿ ಅಜೈಲ್ ಶುರು ಮಾಡಿದರು. ಅವತ್ತಿನಿಂದ ನಿದ್ದೆ ಹೋಯ್ತು," ಎಂದರು. ಅಜೈಲ್ ಅಂದರೆ ಸಾಫ್ಟ್‌ವೇರ್ ಕೆಲಸ ನಡೆಸುವ ಒಂದು ರೀತಿಯಂತೆ. ನನಗೆ ಆ ಪದಗಳು ಹೊಸತು. ಹಾಳೆ ಕೊಟ್ಟು, ಬರೆದು ತೋರಿಸಿ ಅಂದೆ. ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆಯುತ್ತಾರೆ. ಆ ಪಟ್ಟಿಗೆ ಬ್ಯಾಕ್‌ಲಾಗ್ ಎಂದು ಹೆಸರು. ಎರಡು ವಾರದಲ್ಲಿ ಆಗುವಷ್ಟನ್ನು ಆರಿಸಿಕೊಳ್ಳುತ್ತಾರೆ, ಅದು ಸ್ಪ್ರಿಂಟ್. ಒಂದೊಂದು ತುಂಡು ಎಷ್ಟು ದೊಡ್ಡದು ಎಂದು ಪಾಯಿಂಟ್‌ಗಳಲ್ಲಿ ಅಂದಾಜು ಮಾಡುತ್ತಾರೆ. ದಿನಾ ಒಂದು ಚಿಕ್ಕ ಮೀಟಿಂಗ್. ಕೊನೆಗೆ, ಆದಷ್ಟನ್ನು ಬೇಕಾದವರಿಗೆ ತೋರಿಸಿ ಅವರ ಮಾತು ಕೇಳುವುದು. ಆಮೇಲೆ ತಂಡದವರೇ ಕೂತು ಎಲ್ಲಿ ಎಡವಿದೆವು, ಏನು ಬದಲಿಸೋಣ ಎಂದು ನೋಡುವುದು.

ಕೇಳಲು ಚೆನ್ನಾಗಿಯೇ ಇದೆ, ಅಲ್ವಾ? ಅವರಲ್ಲಿ ನಡೆಯುತ್ತಿದ್ದುದು ಬೇರೆ. ಎರಡು ವಾರದ ಪಟ್ಟಿ ಮ್ಯಾನೇಜರ್ ಕಡೆಯಿಂದ ಬರುತ್ತಿತ್ತು. ದಿನದ ಮೀಟಿಂಗ್ ಐವತ್ತು ನಿಮಿಷ. ತೋಟದಲ್ಲಿ ಬೆಳಿಗ್ಗೆ ಹಾಜರಿ ಕರೆದ ಹಾಗೆ ಒಬ್ಬೊಬ್ಬರೂ ಇವರಿಗೆ ಲೆಕ್ಕ ಒಪ್ಪಿಸಬೇಕು. ಕೊನೆಯ ಮಾತುಕತೆಯನ್ನು ಟೈಮ್ ಇಲ್ಲ ಎಂದು ಕೈಬಿಟ್ಟಿದ್ದರು. ಪ್ರತಿ ಸ್ಪ್ರಿಂಟ್ ಮುಗಿದ ಮೇಲೆ ಮೇಲ್‌ನಲ್ಲಿ ಒಂದು ಟೇಬಲ್ ಬರುತ್ತಿತ್ತು: ಪಕ್ಕದ ತಂಡ 40 ಪಾಯಿಂಟ್, ಇವರದು 26. ಆ ಅಂತರ ತುಂಬಲು, ಉಳಿದವರ ಬಾಕಿ ಕೆಲಸವನ್ನು ಇವರೇ ರಾತ್ರಿ ಕೂತು ಮುಗಿಸುತ್ತಿದ್ದರು.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಮಾರ್ಚ್‌ನಲ್ಲಿ ಹೊಸ ಹುಡುಗಿಯೊಬ್ಬಳನ್ನು ಎಲ್ಲರ ಎದುರು "ಮೂರು ದಿನದಿಂದ ಇದನ್ನೇ ಹೇಳ್ತಿದ್ದೀಯಲ್ಲ" ಎಂದು ಕೇಳಿದ್ದರು. ಆಕೆ ಅತ್ತಳು. ಮುಂದಿನ ತಿಂಗಳು ಕೆಲಸ ಬಿಟ್ಟಳು. ಇದನ್ನು ಹೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಕೊಟ್ಟ ಮಾತು ಒಂದು ಸಲವೂ ಉಳಿಸಿಕೊಂಡಿಲ್ಲ ಮೇಡಂ. ಅಪ್ಪ ಸುಬೇದಾರ್ ಆಗಿದ್ದವರು. ನಮ್ಮ ಮನೆಯಲ್ಲಿ ಮಾತು ಅಂದರೆ ಮಾತು."

ನನಗೆ ಅಲ್ಲಿ ಎಳೆ ಸಿಕ್ಕಿತು. ಅಪ್ಪ ಈಗ ಏನು ಮಾಡುತ್ತಾರೆ ಎಂದು ಕೇಳಿದೆ. ಕಾಫಿ ತೋಟ. ಈ ವರ್ಷ ಎಷ್ಟು ಚೀಲ ಆಗಬಹುದು ಅಂತಾರೆ? "ಹೂಮಳೆ ಆದ ಮೇಲೆ ನೂರೈವತ್ತು ಅಂದಿದ್ದರು. ಈ ಮಳೆಗೆ ಕಾಯಿ ಉದುರ್ತಾ ಇದೆ. ಈಗ ನೂರಿಪ್ಪತ್ತು ಆದರೆ ಪುಣ್ಯ ಅಂತಾರೆ."

"ಹಾಗಾದರೆ ಅಪ್ಪ ಮಾತಿಗೆ ತಪ್ಪಿದರಾ?"

ಅವರು ಮೊದಲ ಸಲ ನನ್ನ ಮುಖ ನೋಡಿದರು.

ಕಾಫಿ ಬೋರ್ಡೇ ವರ್ಷಕ್ಕೆ ಎರಡು ಅಂದಾಜು ಕೊಡುತ್ತದೆ. ಹೂವಾದ ಮೇಲೆ ಒಂದು, ಮುಂಗಾರು ಮುಗಿದ ಮೇಲೆ ಇನ್ನೊಂದು. ಎರಡನೆಯದು ಕಡಿಮೆ ಬಂದರೆ ಮೊದಲು ಸುಳ್ಳು ಹೇಳಿದರು ಎಂದು ಯಾರೂ ಅನ್ನುವುದಿಲ್ಲ. ಮಳೆ ಏನು ಮಾಡಿತು ಎಂದು ಕೇಳುತ್ತಾರೆ.

ಆ ವಾರ ನಾನು ಅಜೈಲ್‌ನ ಮೂಲವನ್ನು ಹುಡುಕಿ ಓದಿದೆ. ಓದಿದ್ದು ಒಳ್ಳೆಯದೇ ಆಯಿತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಸೇರಿ ನಾಲ್ಕು ಮೌಲ್ಯ ಬರೆದರು, 12 ತತ್ವಗಳನ್ನು ಆಮೇಲೆ ಸೇರಿಸಿದರು. ಮೊದಲ ಮೌಲ್ಯದಲ್ಲೇ ವಿಧಾನ, ಸಲಕರಣೆಗಿಂತ ಜನರಿಗೆ, ಅವರ ಮಾತುಕತೆಗೆ ಹೆಚ್ಚು ಬೆಲೆ. ದಣಿಯದೆ ಎಷ್ಟು ಕಾಲವಾದರೂ ನಡೆಯಬಲ್ಲ ವೇಗದಲ್ಲೇ ಕೆಲಸ ಮಾಡಬೇಕು ಎಂಬುದೂ ಆ 12ರಲ್ಲಿ ಒಂದು. ಇವರು ಹೇಳಿದ ಸ್ಪ್ರಿಂಟ್, ದಿನದ ಮೀಟಿಂಗ್ ಎಲ್ಲ ಸ್ಕ್ರಮ್ ಎಂಬ ಅಜೈಲ್ ಪದ್ಧತಿಯವು. ಅದರ ಕೈಪಿಡಿ ಸ್ಕ್ರಮ್ ಗೈಡ್‌ನಲ್ಲಿ ದಿನದ ಮೀಟಿಂಗ್‌ಗೆ 15 ನಿಮಿಷ ಅಷ್ಟೇ. ಅದು ಇರುವುದು ಕೆಲಸ ಮಾಡುವವರು ತಮ್ಮ ದಿನವನ್ನು ತಾವೇ ಹೊಂದಿಸಿಕೊಳ್ಳಲು. 'ನಿನ್ನೆ ಏನು ಮಾಡಿದೆ' ಮುಂತಾದ ಮೂರು ಪ್ರಶ್ನೆಗಳನ್ನೂ 2020ರ ಆವೃತ್ತಿಯಲ್ಲಿ ತೆಗೆದಿದ್ದಾರೆ. ನನಗೆ ಮುಖ್ಯ ಅನ್ನಿಸಿದ್ದು 2011ರ ಬದಲಾವಣೆ. ಸ್ಪ್ರಿಂಟ್‌ಗೆ ಆರಿಸಿಕೊಂಡ ಕೆಲಸವನ್ನು ಅದುವರೆಗೆ ವಾಗ್ದಾನ ಎನ್ನುತ್ತಿದ್ದರು. ಆ ವರ್ಷ ಅದನ್ನು ಮುನ್ನೋಟ, ಅಂದರೆ ಅಂದಾಜು ಎಂದು ತಿದ್ದಿದರು. ಮುಂದಿನ ಭೇಟಿಯಲ್ಲಿ ಇದನ್ನು ಓದಿ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡರು.

ಸಲಹೆಗೆ ಬರುತ್ತೇನೆ. ಮೊದಲನೆಯದು ನಿದ್ದೆಯದೇ. ಒಂಬತ್ತು ಗಂಟೆಗೆ ಲ್ಯಾಪ್‌ಟಾಪ್ ಅಪ್ಪನ ಕೋಣೆಯ ಬೀರುವಿಗೆ ಹೋಗಬೇಕು. ಕುಡಿತ ವಾರದ ದಿನಗಳಲ್ಲಿ ಬೇಡ. ಬೇರೆಯವರ ಬಾಕಿಯನ್ನು ರಾತ್ರಿ ಮುಗಿಸುವುದು ಪೂರ್ತಿ ನಿಲ್ಲಬೇಕು. ಇದಕ್ಕೆ ಅವರು ಒಪ್ಪಲಿಲ್ಲ. ನಾನು ಬಿಡಲಿಲ್ಲ. "ನೀವು ಮುಚ್ಚಿಡುವ ತನಕ ತಂಡಕ್ಕೆ ನಿಜವಾಗಿ ಎಷ್ಟು ಆಗುತ್ತದೆ ಅಂತ ನಿಮಗೂ ಗೊತ್ತಾಗಲ್ಲ, ಮ್ಯಾನೇಜರ್‌ಗೂ ಗೊತ್ತಾಗಲ್ಲ. ಕಡಿಮೆ ಬಂದರೆ ಬರಲಿ, ಅದೇ ನಿಜವಾದ ಲೆಕ್ಕ," ಅಂದೆ.

ದಿನದ ಮೀಟಿಂಗ್‌ನಲ್ಲಿ ಅವರು ಕೊನೆಗೆ ಮಾತಾಡಬೇಕು, ಕೇಳಬೇಕಾದ್ದು "ಯಾರಿಗೆ ಏನು ಅಡ್ಡ ಬಂದಿದೆ?" ಎಂಬುದೊಂದೇ. ಒಬ್ಬರ ತೊಂದರೆ ಉದ್ದವಾದರೆ ಆಮೇಲೆ ಅವರೊಬ್ಬರ ಜೊತೆ ಕೂರಬೇಕು. ಏಳು ಜನರ ಕೈಯಲ್ಲಿ ಹತ್ತೊಂಬತ್ತು ಕೆಲಸ ಅರ್ಧಕ್ಕೆ ನಿಂತಿದ್ದವು. ಇರುವುದು ಮುಗಿಯದೆ ಹೊಸದನ್ನು ಎತ್ತಿಕೊಳ್ಳಬಾರದು ಎಂದು ತಂಡವೇ ಮಿತಿ ಹಾಕಿಕೊಳ್ಳಲಿ ಅಂದೆ. ಆಮೇಲೆ ಈ ಊರಿನ ಮಾತು: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್, ನೆಟ್‌ವರ್ಕ್ ಹೋಗುತ್ತದೆ. ಅದನ್ನು ಮುಚ್ಚಿಟ್ಟು ಒದ್ದಾಡುವ ಬದಲು, ಜುಲೈ, ಆಗಸ್ಟ್‌ನಲ್ಲಿ ನನ್ನಿಂದ ಇಷ್ಟು ಕಡಿಮೆ ಆಗುತ್ತದೆ ಎಂದು ಯೋಜನೆ ಮಾಡುವಾಗಲೇ ಹೇಳಿ.

ಮ್ಯಾನೇಜರ್ ಜೊತೆಗಿನ ಮಾತನ್ನು ಇಲ್ಲೇ ಆಡಿಸಿ ಅಭ್ಯಾಸ ಮಾಡಿಸಿದೆ. ನಾನು ಮ್ಯಾನೇಜರ್ ಆಗಿದ್ದೆ. ಮೊದಲ ಸಲ ಅವರ ದನಿ ನಡುಗಿತು. ಮೂರನೇ ಸಲ ಸರಿಯಾಗಿ ಬಂತು: "ಸರ್, ಪಾಯಿಂಟ್ ಪ್ರತಿ ತಂಡದ ಸ್ವಂತ ಅಳತೆ. ನಮ್ಮ ಮೂರು ಅವರ ಐದಕ್ಕೆ ಸಮ ಇರಬಹುದು. ನಮ್ಮ ಹಿಂದಿನ ಸ್ಪ್ರಿಂಟ್‌ಗಳ ಜೊತೆ ನಮ್ಮನ್ನು ಹೋಲಿಸಿ. ಎರಡು ವಾರದಲ್ಲಿ ಎಷ್ಟು ಆಗುತ್ತದೆ ಅಂತ ತಂಡವೇ ಹೇಳಲಿ."

ತಂಡದ ಕೊನೆಯ ಮಾತುಕತೆಯನ್ನು ಮತ್ತೆ ಶುರು ಮಾಡಿ, ಮೊದಲ ತಪ್ಪನ್ನು ನೀವೇ ಹೇಳಿಕೊಳ್ಳಿ ಎಂದೂ ಹೇಳಿದೆ. ಅವರು ಮಾರ್ಚ್‌ನ ಘಟನೆ ಹೇಳಿದರಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಒಬ್ಬ ಹುಡುಗ, "ಅಣ್ಣ, ನನಗೂ ಬೆಳಿಗ್ಗೆ ಆ ಮೀಟಿಂಗ್ ಅಂದರೆ ಕೈ ಬೆವರುತ್ತೆ," ಅಂದನಂತೆ. ಕೆಲಸ ಬಿಟ್ಟ ಹುಡುಗಿಗೂ ಇವರು ಕ್ಷಮೆ ಕೇಳಿ ಮೆಸೇಜ್ ಹಾಕಿದ್ದಾರೆ. ಉತ್ತರ ಬಂದಿಲ್ಲ. ಉತ್ತರ ಕೊಡುವುದು, ಬಿಡುವುದು ಆಕೆಗೆ ಸೇರಿದ್ದು, ಮತ್ತೆ ಕಳಿಸಬೇಡಿ ಅಂದೆ.

ನವೆಂಬರ್‌ನಲ್ಲಿ ಐದನೇ ಭೇಟಿ. ಐದೂವರೆ, ಆರು ಗಂಟೆ ನಿದ್ದೆ ಬರುತ್ತಿದೆ. ಮೀಟಿಂಗ್ ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಅವರ ಲೆಕ್ಕ 26ರಿಂದ 21ಕ್ಕೆ ಇಳಿದು ಅಲ್ಲೇ ನಿಂತಿದೆ, ಆದರೆ ಹೇಳಿದ್ದು ಹೆಚ್ಚುಕಮ್ಮಿ ಆಗುತ್ತಿದೆ. ಪಟ್ಟಿಯನ್ನು ತಂಡವೇ ಆರಿಸಲು ಮ್ಯಾನೇಜರ್ ಒಪ್ಪಿದ್ದಾರೆ. ಟೇಬಲ್ ಮಾತ್ರ ಇನ್ನೂ ಬರುತ್ತಿದೆ. ಅದು ಬಂದ ದಿನ ಹೊಟ್ಟೆ ಕೆಡುವುದೂ ಪೂರ್ತಿ ಹೋಗಿಲ್ಲ. ಇದೇ ಹೀಗೆ ಮುಂದುವರಿದರೆ ಬೇರೆ ಕೆಲಸ ನೋಡಬೇಕಾ ಎಂಬ ಪ್ರಶ್ನೆಯನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ. ಹೆಂಡತಿಯೂ ಬರುತ್ತಾರೆ. ಹುತ್ತರಿ ಕಳೆದ ಮೇಲಿನ ಬುಧವಾರ ಎಂದು ಬರೆದುಕೊಂಡಿದ್ದೇನೆ.